ಭಾನುವಾರ ಹೊರಡದ ಪತ್ರ

ಒಂಬತ್ತು ಮುಕ್ಕಾಲಾದರೂ ಚಾಪೆಯನ್ನು ಯಾರೂ ಎತ್ತಲಿಲ್ಲ.

ಅದರ ಕೆಳಗೆ ಸಿಯೆನಿ ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿ ಕೂತಿದ್ದಳು. ಎಪ್ಪತ್ತೊಂದು ವರ್ಷದ ಹೆಂಗಸು. ಬೆಳಕು ಹರಿಯುವ ಮುಂಚೆ ಒಬ್ಬಳೇ ನಡೆದು ಬಂದು ಈ ಅಂಗಳದಲ್ಲಿ ಕೂತವಳು, ಆಮೇಲೆ ಕದಲಿಲ್ಲ. ನೆರಳಿನ ಹೆಸರಿಲ್ಲ. ಹವಳದ ಜಲ್ಲಿ ಬಿಸಿಲಿಗೆ ಕಾದು ನನ್ನ ಪೊಲೀಸ್ ಬೂಟಿನ ಒಳಗೇ ಸುಡುತ್ತಿತ್ತು.

ಎದುರಿಗೆ ವಾಯ್‌ಸಿನಾ ಊರಿನ ಯಜಮಾನರ ದೊಡ್ಡ ಮನೆ, ಚಾವಣಿಯ ಮೇಲೆ ಉಪಗ್ರಹದ ತಟ್ಟೆ. ಗೋಡೆಯಿಲ್ಲದ ಆ ಮನೆಯ ಕಂಬಗಳ ನಡುವೆ, ಸತ್ತ ಐವರ ಕಡೆಯವರು ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದರು. ಒಬ್ಬ ಹೆಂಗಸು ಬೀಸಣಿಗೆಯಲ್ಲಿ ತನಗೆ ತಾನೇ ಗಾಳಿ ಹಾಕಿಕೊಳ್ಳುತ್ತ, ಚಾಪೆಯ ಕಡೆ ನೋಡುತ್ತ, ಆರಾಮವಾಗಿ ಕೂತಿದ್ದಳು.

ಇಫೋಗಾ ಎಂದರೆ ಹೀಗೇ. ಕೊಂದವನ ಮನೆಯ ಹಿರಿಯರು ತಮ್ಮಲ್ಲಿರುವ ಅತಿ ನಯವಾದ ಚಾಪೆ ಹೊದ್ದು ಸತ್ತವರ ಮನೆಯ ಮುಂದೆ ತಲೆ ಬಗ್ಗಿಸಿ ಕೂರಬೇಕು. ಆ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದರು ಎಂದರ್ಥ. ಅಲ್ಲಿಗೆ ಮುಗಿಯಿತು, ಆ ಸಾವಿನ ಮಾತನ್ನು ಯಾರೂ ಮತ್ತೆ ಆಡುವಂತಿಲ್ಲ, ಪೊಲೀಸರು ಕೂಡ ಆಡುವುದಿಲ್ಲ. ಎತ್ತದೆ ಹೋದರೆ ಕೂತೇ ಇರಬೇಕು. ಸಾಧಾರಣವಾಗಿ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಕೂರುತ್ತಾರೆ. ಸಿಯೆನಿಯ ತಮ್ಮಂದಿರು ಮೂವರೂ ಹಿಂದಿನ ದಿನವೇ ಹಡಗು ಹತ್ತಿ ರಾಜಧಾನಿ ಅಪಿಯಾಕ್ಕೆ ಹೋಗಿಬಿಟ್ಟಿದ್ದರು. ಹೇಡಿಗಳು, ಅದಕ್ಕಿಂತ ಒಳ್ಳೆಯ ಮಾತು ಅವರಿಗೆ ನನ್ನಲ್ಲಿಲ್ಲ.

ಹನ್ನೊಂದು ದಿನದ ಹಿಂದೆ, ಸೋಮವಾರ ನಸುಕಿನಲ್ಲಿ, ಸಿಯೆನಿಯ ಮಗ ಪೆನಿಯಾಮಿನ ಬಿರುಗಾಳಿಯಲ್ಲಿ ದೋಣಿ ಬಿಟ್ಟ. ಅಪೋಲಿಮಾ ದ್ವೀಪದ ಮದುವೆಗೆ ಹೊರಟಿದ್ದ ಐವರೂ ಮುಳುಗಿದರು, ಅವನೂ ಮುಳುಗಿದ. 'ಹೊರಡಬೇಡ' ಎಂದು ದೋಣಿ ಕಂಪನಿಯ ಮಾಲೀಕ ತಾನಿಯೆಲು ಭಾನುವಾರ ಸಂಜೆಯೇ ಇಮೇಲ್ ಕಳಿಸಿದ್ದನಂತೆ, ಪೆನಿಯಾಮಿನ ಓದಿಯೂ ಕ್ಯಾರೆ ಅನ್ನಲಿಲ್ಲವಂತೆ. ದ್ವೀಪವೆಲ್ಲ ಅದನ್ನು ನಂಬಿತ್ತು. ನಾನು ನಂಬಿರಲಿಲ್ಲ.

ನಾನು ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಸಿಯೆನಮ್ಮ, ಒಂದು ಗುಟುಕು ನೀರು ಕುಡೀತೀಯಾ?"

"ಬೇಡ." ಧ್ವನಿ ನೆಲದೊಳಗಿಂದ ಬಂದ ಹಾಗಿತ್ತು. "ಆಚೆ ಹೋಗು ಲುಪೆಸಿನಾ. ನಿನ್ನ ನೆರಳು ನನ್ನ ಮೇಲೆ ಬೀಳ್ತಿದೆ. ಅದನ್ನೂ ತಪ್ಪು ಅಂತಾರೆ."

"ನಿನ್ನ ಮಗನಿಗೆ ಆ ಪತ್ರ ಬಂದೇ ಇರಲಿಲ್ಲ ಅಂತ ತೋರಿಸಿದ್ರೆ ಎದ್ದು ಬರ್ತೀಯಾ?"



"ಚಾಪೆ ಎತ್ತೋ ಮುಂಚೆ ತೋರಿಸು," ಅಂದಳು. "ಎತ್ತಿದ ಮೇಲೆ ತೋರಿಸಿ ಏನು ಬಂತು? ಕೊಂದ ಅಂತ ನಾನೇ ಒಪ್ಕೊಂಡ ಹಾಗೆ ಆಗೋಯ್ತಲ್ಲ. ಅವನ ಮಕ್ಕಳನ್ನ ಊರು ಹಾಗೇ ಕರೆಯುತ್ತೆ, ಅವರ ಮಕ್ಕಳನ್ನೂ ಹಾಗೇ ಕರೆಯುತ್ತೆ."

"ಹಾಗಾದ್ರೆ ಬಂದು ಯಾಕೆ ಕೂತೆ?"

"ಬರದೆ ಹೋಗಿದ್ರೆ ಆ ಮಕ್ಕಳಿಗೆ ಕಲ್ಲು ಬೀಳ್ತಿತ್ತು. ಹೋಗು."

ನಾನು ಎದ್ದೆ. ನಡುಗಂಬಕ್ಕೆ ಒರಗಿ ಕೂತಿದ್ದ ಊರ ಯಜಮಾನರು, ತೋಫಾಮಾಲು, ನನಗೆ ಮೆಲ್ಲಗೆ ತಲೆಯಾಡಿಸಿದರು. ಸತ್ತ ಐವರಲ್ಲಿ ಅವರ ಹಿರಿಯ ಮಗನೂ ಒಬ್ಬ. ಅವರ ಕಣ್ಣು ಊದಿಕೊಂಡಿತ್ತು. ನೋಡಿ ನನಗೇ ಪಾಪ ಅನ್ನಿಸಿತು.

ಚಾಪೆ ಎತ್ತುವ ಅಧಿಕಾರ ಅವರೊಬ್ಬರದೇ.

ಜೀಪಿನ ಹತ್ತಿರ ಬಂದು ಫೋನ್ ತೆರೆದಾಗಲೇ ಸೆಮಿಸಿಯ ಕರೆ ಬಂತು. ದೋಣಿ ಕಂಪನಿಯ ಇಮೇಲ್ ಯಂತ್ರ ನೋಡಿಕೊಳ್ಳುವವನು ಅವನು. ನಲವತ್ತು ದಾಟಿದವನು, ಬಾಯಿ ತುಂಬ ಮಾತು.

"ಅಕ್ಕ, ಬೇಗ ಬನ್ನಿ. ಭಾನುವಾರದ ವಿಷಯ ಸಿಕ್ತು." ಅದು ಏನೆಂದೂ ಫೋನಿನಲ್ಲೇ ಹೇಳಿದ.

* * *

ಸಾಲೆಲೊಲೊಗಾದ ಬಂದರಿನ ಎದುರು ತಾನಿಯೆಲುವಿನ ಕಚೇರಿ. ನಾನು ಜೀಪು ಓಡಿಸಿಕೊಂಡು ಇಪ್ಪತ್ತು ನಿಮಿಷದಲ್ಲಿ ತಲುಪಿದಾಗ ಮಾಲೀಕ ತಿಂಡಿ ತಿನ್ನುತ್ತಿದ್ದ. ಬಿಳಿ ಅಂಗಿ, ಚರ್ಚಿನ ಹಿರಿಯರಿಗೆ ಕೊಡುವ ಬಿಲ್ಲೆ, ಮುಂದೆ ತಟ್ಟೆ ತುಂಬ ಪಾನಿಕೇಕೆ ಎಂಬ ಕರಿದ ಸಿಹಿ ಉಂಡೆ, ಒಂದು ಲೋಟ ಬಿಸಿ ಕೋಕೋ. ಸೆಮಿಸಿ ಮೂಲೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಗು ತಡೆದುಕೊಂಡಿದ್ದ.

"ಬನ್ನಿ ಸಾರ್ಜೆಂಟಮ್ಮ. ಕೋಕೋ ತಗೊಳ್ಳಿ."

"ಅಲ್ಲೊಬ್ಬಳು ಹನಿ ನೀರಿಲ್ಲದೆ ಬಿಸಿಲಲ್ಲಿ ಕೂತಿದ್ದಾಳೆ."

"ಪಾಪ. ನಾನೂ ಪ್ರಾರ್ಥನೆ ಮಾಡ್ದೆ."

"ತಿಂಡಿಗೆ ಮುಂಚೆ ಮಾಡಿದ್ರೋ, ಆಮೇಲೆ ಮಾಡೋರೋ?"

ಅವನು ಅಗಿಯುವುದನ್ನು ನಿಲ್ಲಿಸಿದ.

ನಾನು ಅವನ ಇಮೇಲ್ ಪೆಟ್ಟಿಗೆಯನ್ನು ತೆರೆಸಿದೆ. 'ಕಳಿಸಿದ್ದು' ಎಂಬ ಕಡೆ ಆ ಪತ್ರ ಇತ್ತು. ಊರಿನ ಚರ್ಚಿನಲ್ಲಿ ಪಾದ್ರಿ ಅದನ್ನೇ ಎಲ್ಲರಿಗೂ ಓದಿ ಹೇಳಿದ್ದ. 'ಪೆನಿಯಾಮಿನ, ಗಾಳಿ ಜೋರಾಗುತ್ತದೆ. ಸೋಮವಾರ ದೋಣಿ ಬಿಡಬೇಡ. ಇದು ನನ್ನ ಆಜ್ಞೆ. ತಾನಿಯೆಲು.' ಭಾನುವಾರ, ಸಂಜೆ ಐದು ನಲವತ್ತು.

"ಭಾನುವಾರ ನಿಮ್ಮ ಕಂಪನಿಯಿಂದ ಪತ್ರ ಹೊರಗೆ ಹೋಗುತ್ತಾ?" ಎಂದೆ.

ಅವನ ಕೈ ಬಿಲ್ಲೆಯ ಹತ್ತಿರ ಹೋಯಿತು.

ಸೆಮಿಸಿ ಹೇಳಿದ: "ಹೋಗಲ್ಲ ಅಕ್ಕ. ಶನಿವಾರ ರಾತ್ರಿ ಹನ್ನೆರಡಕ್ಕೆ ಕಳಿಸೋದನ್ನ ನಿಲ್ಲಿಸ್ಬೇಕು, ಸೋಮವಾರ ಬೆಳಿಗ್ಗೆ ಐದಕ್ಕೆ ಬಿಡಬೇಕು. ಇವರ ಕಟ್ಟಪ್ಪಣೆ, ಭಾನುವಾರ ದೇವರ ದಿನ, ದುಡಿಯಬಾರದು ಅಂತ. ಪತ್ರ ತರಿಸ್ಕೊಂಡು ಓದಬಹುದು. ಓದೋದು ದುಡಿಮೆ ಅಲ್ವಂತೆ, ಕಳಿಸೋದು ದುಡಿಮೆಯಂತೆ. ನಾಲ್ಕು ವರ್ಷದಿಂದ ಹೀಗೇ. ಚರ್ಚಿನಲ್ಲಿ ಇದಕ್ಕೆ ಇವರನ್ನ ಹೊಗಳಿದ್ರು ಕೂಡ."

"ಹಾಗಾದ್ರೆ ಈ ಪತ್ರ ಹ್ಯಾಗೆ ಹೋಯ್ತು, ಹಿರಿಯರೇ?"

ತಾನಿಯೆಲು ಈ ಪ್ರಶ್ನೆಗೆ ಸಿದ್ಧನಾಗಿದ್ದ. ಡ್ರಾಯರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ನೀವಿ ಇಟ್ಟ.

"ಕಳಿಸೋ ದಾರಿ ಮುಚ್ಚಿತ್ತು, ಒಪ್ಕೋತೀನಿ. ನಾನು ತರಿಸ್ಕೊಳ್ಳೋ ದಾರಿಯಲ್ಲೇ ಕಳಿಸ್ದೆ. ಜನರ ಜೀವದ ಪ್ರಶ್ನೆ, ದೇವರು ಕ್ಷಮಿಸ್ತಾನೆ. ನನ್ನ ತಂಗಿ ಮಗ ಆಕ್ಲೆಂಡಿನಲ್ಲಿ ಇದೇ ಕೆಲಸ ಮಾಡ್ತಾನೆ, ಓದಿ ನೋಡಿ. ಪತ್ರ ತರಿಸೋ ಪದ್ಧತಿಯಲ್ಲೇ ಕಳಿಸೋಕೂ ಬರುತ್ತೆ ಅಂತ ಬರೆದಿದ್ದಾನೆ."

"ಬರುತ್ತಾ ಸೆಮಿಸಿ?"

"ಪತ್ರ ತರಿಸೋಕೆ ಎರಡು ಪದ್ಧತಿ ಅಕ್ಕ. ಪಾಪ್, ಐಮ್ಯಾಪ್. ಕಳಿಸೋದಕ್ಕೆ ಎಸ್‌ಎಂಟಿಪಿ ಅಂತ ಬೇರೆಯೇ ಇದೆ. ಈಗ..."

"ಪಾಠ ಬೇಡ. ನನಗೆ ಅರ್ಥ ಆಗೋ ಹಾಗೆ ಹೇಳು."

"ಅಂಚೆ ಕಚೇರಿಯಲ್ಲಿ ನಿಮ್ಮ ಹೆಸರಿನ ಪೆಟ್ಟಿಗೆ ಇದೆ, ನಿಮ್ಮ ಹತ್ರ ಅದರ ಬೀಗದ ಕೈ ಇದೆ ಅಂತಿಟ್ಕೊಳ್ಳಿ. ಪೆಟ್ಟಿಗೆ ತೆಗೆದು ಬಂದಿದ್ದನ್ನ ತಗೋಬಹುದು. ಆ ಬೀಗದ ಕೈ ಹಿಡ್ಕೊಂಡು ಇನ್ನೊಬ್ಬರ ಮನೆಗೆ ಪತ್ರ ಮುಟ್ಟಿಸೋಕಾಗಲ್ಲ. ಅದಕ್ಕೆ ಅಂಚೆಯವನೇ ಹೋಗ್ಬೇಕು. ಭಾನುವಾರ ಅಂಚೆಯವನನ್ನ ಇವರು ಕೂಡಿಹಾಕಿದ್ರು."

"ಮತ್ತೆ ಆಕ್ಲೆಂಡಿನ ಪಂಡಿತ ಬರೆದಿರೋದು?"

"ಪೂರ್ತಿ ಸುಳ್ಳಲ್ಲ. ಪಾಪ್‌ನಲ್ಲಿ ಹಿಂದೆ ಒಂದು ಹೆಚ್ಚುವರಿ ಆಜ್ಞೆ ಇತ್ತು, ಅದರಲ್ಲಿ ಕಳಿಸಬಹುದಿತ್ತು. ಎಲ್ಲೋ ಕೆಲವು ಯಂತ್ರಗಳಲ್ಲಿ ಮಾತ್ರ. ನಮ್ಮ ಯಂತ್ರಕ್ಕೆ ಬೆಳಿಗ್ಗೆ ಕೇಳ್ದೆ, ನಿನಗೆ ಏನೇನು ಬರುತ್ತಪ್ಪಾ ಅಂತ. ಪಟ್ಟಿ ಕೊಡ್ತು. ಅದರಲ್ಲಿ ಇಲ್ಲ."

ತಾನಿಯೆಲು ಲೋಟ ಎತ್ತಿ ಒಂದು ಗುಟುಕು ಕುಡಿದ. "ಯಂತ್ರದ ವಿಷಯ ನನಗೇನು ಗೊತ್ತು. ನಾನು ಒತ್ತಿದೆ, ಹೋಯ್ತು."

"ಸರಿ," ಎಂದೆ. "ಸೆಮಿಸಿ, ಇವತ್ತು ಶುಕ್ರವಾರ. ಯಂತ್ರಕ್ಕೆ ಭಾನುವಾರ ಮಾಡು."

ಸೆಮಿಸಿ ನಾಲ್ಕು ಅಕ್ಷರ ಒತ್ತಿದ. "ಆಯ್ತು. ಅಂಚೆಯವನು ಒಳಗೆ."

"ಹಿರಿಯರೇ, ಆವತ್ತು ಹ್ಯಾಗೆ ಕಳಿಸಿದ್ರೋ ಹಾಗೇ ಈಗ ನನಗೊಂದು ಪತ್ರ ಕಳಿಸಿ. ಏನು ಬೇಕಾದ್ರೂ ಬರೀರಿ. ನಾನು ಕಾಯ್ತೀನಿ."

ನನ್ನ ಫೋನನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ. ಅವನು ಕೈ ಒರೆಸಿಕೊಂಡು ಬರೆದ, ಒತ್ತಿದ. ಕಳಿಸಲಾಗಲಿಲ್ಲ ಎಂದು ಪರದೆ ಹೇಳಿತು. ಮತ್ತೆ ಒತ್ತಿದ. ಮತ್ತೆ ಅದೇ.

"ಅದು 'ಕಳಿಸಬೇಕಾದ್ದು' ಅನ್ನೋ ಕಡೆ ಕೂತಿದೆ," ಎಂದ ಸೆಮಿಸಿ. "ಭಾನುವಾರದ್ದು 'ಕಳಿಸಿದ್ದು' ಅನ್ನೋ ಕಡೆ ಇದೆ. ಅಲ್ಲಿಗೆ ತನ್ನಿ ಯಜಮಾನರೇ."

ತಾನಿಯೆಲುವಿನ ಬೆರಳು ಪರದೆಯ ಮೇಲೆ ಅಲೆದಾಡಿತು. ಅವನ ಕುತ್ತಿಗೆಯಿಂದ ಬೆವರು ಕಾಲರಿಗೆ ಇಳಿಯಿತು. ನಾನು ಅವನ ತಟ್ಟೆಯಿಂದ ಒಂದು ಪಾನಿಕೇಕೆ ತೆಗೆದು ನಿಧಾನವಾಗಿ ತಿಂದೆ. ಹಸಿವಿರಲಿಲ್ಲ, ಅವನು ನೋಡಲಿ ಅಂತ ತಿಂದೆ. ಹತ್ತು ನಿಮಿಷ ಕಳೆಯಿತು. ನನ್ನ ಫೋನ್ ಒಂದು ಸದ್ದೂ ಮಾಡಲಿಲ್ಲ.

"ನಿಮ್ಮ ನಿಯಮ ಏನು? ದೋಣಿಯವರಿಗೆ ಏನಂತ ಹೇಳಿದ್ದೀರಿ?"

"ಬೇಡ ಅನ್ನೋದಾದ್ರೆ ಬರಹದಲ್ಲೇ ಹೇಳ್ತೀವಿ. ಮೂರೂವರೆ ಒಳಗೆ ಪತ್ರ ಬರದಿದ್ರೆ ಹೊರಡಬೇಕು."

"ಪತ್ರ ಬರದಿದ್ರೆ ಹೊರಡಬೇಕು. ಭಾನುವಾರ ಪತ್ರ ಬರೋ ಹಾಗೇ ಇಲ್ಲ. ಅಂದ್ರೆ ಸೋಮವಾರ ಬೆಳಿಗ್ಗೆ ಎಂಥಾ ಗಾಳಿ ಇದ್ರೂ ಹೊರಡಬೇಕು."

ನಾಲ್ಕು ವರ್ಷದಲ್ಲಿ ಈ ಲೆಕ್ಕ ಅವನಿಗೆ ಹೊಳೆದೇ ಇರಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಸೆಮಿಸಿ, ಆ ಸೋಮವಾರ ನಸುಕಲ್ಲಿ ಪೆನಿಯಾಮಿನನ ಫೋನ್ ಪತ್ರ ತರಿಸೋಕೆ ಬಂದ ಹೊತ್ತು ಓದು."

"ಎರಡು ಐವತ್ತು. ಮೂರು ಐದು. ಮೂರು ಇಪ್ಪತ್ತು. ಮೂರು ಸಲಾನೂ ಹೊಸ ಪತ್ರ ಸೊನ್ನೆ."

"ಕೇಳಿಸ್ತಾ? ಬಂದರಿನಲ್ಲಿ ಗಾಳಿಗೆ ಮುಖ ಕೊಟ್ಟು ನಿಂತು ಮೂರು ಸಲ ನೋಡಿದ. ಹೋಗಬೇಡ ಅಂತ ಯಾರಾದ್ರೂ ಹೇಳಲಿ ಅಂತ ಕಾದಿದ್ದ. ನೀವು ಮಲಗಿದ್ರಿ. ಈಗ ಅವನ ತಾಯಿ ನಿಮ್ಮ ಬದಲಿಗೆ ಕೂತಿದ್ದಾಳೆ. ಸತ್ತ ಮೇಲೆ ಪತ್ರ ಬರೆದು ಪೆಟ್ಟಿಗೆಗೆ ತುರುಕೋಕೆ ನಿಮಗೆ ಎಷ್ಟು ಹೊತ್ತು ಬೇಕಾಯ್ತು?"

"ನಾನು ಬರೀಲಿಲ್ಲ."

ಅವನ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಸೆಮಿಸಿ ತಲೆಯೆತ್ತಿ ನೋಡಿದ.

"ಏನಂದ್ರಿ?"

"ನಾನು ಬರೀಲಿಲ್ಲ ಸಾರ್ಜೆಂಟಮ್ಮ. ಸೋಮವಾರ ಮಧ್ಯಾಹ್ನ ನೋಡಿದಾಗ ಅಲ್ಲಿತ್ತು. ನನ್ನ ಹೆಸರಲ್ಲೇ ಇತ್ತು." ಅವನು ಅಳತೊಡಗಿದ, ತುಟಿಗೆ ಇನ್ನೂ ತಿಂಡಿಯ ಚೂರು ಅಂಟಿತ್ತು. "ದೇವರೇ ನನ್ನ ಮೇಲೆ ಕರುಣೆ ತೋರಿಸಿದ ಅಂದ್ಕೊಂಡೆ."

"ದೇವರಿಗೆ ನಿಮ್ಮ ಪಾಸ್‌ವರ್ಡ್ ಗೊತ್ತಾ?"

ಸೆಮಿಸಿ ಅಷ್ಟರಲ್ಲಿ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ್ದ. ಅವನ ಮುಖದ ನಗು ಹೋಗಿತ್ತು.

"ಅಕ್ಕ, ಐಮ್ಯಾಪ್‌ನಲ್ಲಿ ಒಂದು ವಿಷಯ ಇದೆ. ಅದರಲ್ಲಿ ಪತ್ರ ಕಳಿಸೋಕಾಗಲ್ಲ, ಆದ್ರೆ ನಿಮ್ಮ ಪೆಟ್ಟಿಗೆ ಒಳಗೆ ಪತ್ರ ತಂದು ಇಡಬಹುದು. 'ಕಳಿಸಿದ್ದು' ಅನ್ನೋ ಕಡೆಗೂ ಇಡಬಹುದು. ಹಿಂದಿನ ದಿನದ ತಾರೀಖು ಹಾಕಿಯೂ ಇಡಬಹುದು. ನೋಡೋರಿಗೆ ಕಳಿಸಿದ ಹಾಗೇ ಕಾಣುತ್ತೆ. ಇಟ್ಟ ನಿಜವಾದ ಹೊತ್ತನ್ನ ಮಾತ್ರ ಯಂತ್ರ ಬರೆದಿಟ್ಕೊಂಡಿರುತ್ತೆ. ಸೋಮವಾರ ಬೆಳಿಗ್ಗೆ ಒಂಬತ್ತು ಹನ್ನೆರಡು."

"ಅದನ್ನ ನೀನು ಫೋನಲ್ಲೇ ಹೇಳಿದ್ದೆ. ಇವನೇ ಇಟ್ಟಿದ್ದಾನೆ ಅಂತಲೂ ಹೇಳಿದ್ದೆ."

"ಪೆಟ್ಟಿಗೆ ಇವರದು, ಇವರೇ ಅಂದ್ಕೊಂಡೆ. ಎಲ್ಲಿಂದ ಅಂತ ನೋಡಿರ್ಲಿಲ್ಲ, ತಪ್ಪಾಯ್ತು." ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. "ಕಚೇರಿಯಿಂದ ಅಲ್ಲ. ಇವರ ಮನೆಯಿಂದಲೂ ಅಲ್ಲ. ಉಪಗ್ರಹದ ಇಂಟರ್ನೆಟ್ ತಟ್ಟೆಯಿಂದ ಬಂದಿದೆ. ಆ ತಟ್ಟೆ ಹಾಕಿದ್ದು ನಾನೇ, ಕಂಪನಿ ಖರ್ಚಿನಲ್ಲಿ. ವಾಯ್‌ಸಿನಾದಲ್ಲಿ ಅದು ಒಂದೇ ಮನೆ ಮೇಲಿದೆ."

ಯಾರ ಮನೆ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆಯಿಂದ ಆ ತಟ್ಟೆಯ ಕೆಳಗೇ ನಿಂತು ಬಂದಿದ್ದೆ.

ತಾನಿಯೆಲುವಿನ ಕಾಲರು ಹಿಡಿದು ಎಬ್ಬಿಸಿದೆ. "ತೋಫಾಮಾಲುಗೂ ನಿಮಗೂ ಏನು ವ್ಯವಹಾರ?"

"ಪಾಲುದಾರ. ಹನ್ನೆರಡು ವರ್ಷದಿಂದ. ನನ್ನ ಬೀಗದ ಕೈ, ಪಾಸ್‌ವರ್ಡ್, ಎಲ್ಲ ಅವನ ಹತ್ರಾನೂ ಇದೆ."

"ಭಾನುವಾರ ಏನಾಯ್ತು?"

"ಸಂಜೆ ಫೋನ್ ಮಾಡಿದ್ದ. ಮದುವೆಗೆ ತಡ ಆದ್ರೆ ಅಪೋಲಿಮಾದವರ ಮುಂದೆ ಮರ್ಯಾದೆ ಹೋಗುತ್ತೆ, ದೋಣಿ ಹೊರಡಲೇಬೇಕು ಅಂದ. ಗಾಳಿ ಇದೆ, ಬೇಡ ಅಂದೆ. ಪೆನಿಯಾಮಿನನಿಗೆ ನಾನೇ ಹೇಳ್ತೀನಿ, ನೀನು ಮಲಗು ಅಂದ."

"ನೀವು ಮಲಗಿದ್ರಿ."

"ಮಲಗಿದೆ."

ಅಂದರೆ ತೋಫಾಮಾಲು ತನ್ನ ಮಗನನ್ನು ತಾನೇ ಸಮುದ್ರಕ್ಕೆ ಕಳಿಸಿದ್ದ. ಆ ತಪ್ಪನ್ನು ದೋಣಿಯವನ ಹೆಣದ ಮೇಲೆ ಹೊರಿಸಿದ್ದ. ಇವತ್ತು ಚಾಪೆ ಎತ್ತಿಬಿಟ್ಟರೆ ಅದು ಶಾಶ್ವತವಾಗಿ ಹೂತುಹೋಗುತ್ತಿತ್ತು. ಬಿಸಿಲಲ್ಲಿ ಅಷ್ಟು ಹೊತ್ತು ಕೂರಿಸಿದ್ದು ಯಾಕೆಂದು ಈಗ ತಿಳಿಯಿತು. ಸುಲಭವಾಗಿ ಎತ್ತಿದರೆ ಜನ ಅನುಮಾನ ಪಡುತ್ತಾರಲ್ಲ. ಆ ಮನುಷ್ಯನಿಗೆ ಇನ್ನು ಬಹುವಚನ ಕೊಡುವ ತಾಳ್ಮೆ ನನಗಿಲ್ಲ.

ಚಾಪೆಯ ಹತ್ತಿರ ಕಾವಲಿಗೆ ಬಿಟ್ಟು ಬಂದಿದ್ದ ನನ್ನ ಪೇದೆಗೆ ಫೋನ್ ಮಾಡಿದೆ. ಇಫೋಗಾದ ಹೊತ್ತಿನಲ್ಲಿ ಯಾರೂ ಫೋನ್ ತೆರೆದಿಟ್ಟುಕೊಂಡಿರುವುದಿಲ್ಲ. ಅವನದೂ ಮುಚ್ಚಿತ್ತು.

* * *

ಸೆಮಿಸಿಯನ್ನು ಹತ್ತಿಸಿಕೊಂಡು ಬಂದು ಊರಲ್ಲಿ ಜೀಪು ನಿಲ್ಲಿಸುವಾಗಲೇ ಕಂಡಿತು. ತೋಫಾಮಾಲು ಎದ್ದು ಮೆಟ್ಟಿಲು ಇಳಿಯುತ್ತಿದ್ದ. ಹಿಂದೆ ಹೆಂಗಸರು ಸಣ್ಣಗೆ ಅಳುತ್ತಿದ್ದರು. ಕ್ಷಮಿಸುವವನ ಮುಖ ಹೇಗಿರಬೇಕೋ ಹಾಗೇ ಇತ್ತು ಅವನ ಮುಖ. ಬಗ್ಗಿ, ಎರಡೂ ಕೈಯಿಂದ ಚಾಪೆಯ ಅಂಚು ಹಿಡಿದ.

ನಾನು ಓಡಿಹೋಗಿ ಚಾಪೆಯ ಮೇಲೆ ಅಂಗೈ ಊರಿದೆ. ಕೆಳಗೆ ಸಿಯೆನಿಯ ತಲೆ ಕೈಗೆ ಸಿಕ್ಕಿತು.

"ಎತ್ತಬೇಡ."

ಮನೆಯೊಳಗೆ ಎಲ್ಲರೂ ಒಮ್ಮೆಲೇ ಎದ್ದು ನಿಂತರು. ಕ್ಷಮೆಯನ್ನು ತಡೆದ ಪೊಲೀಸಿನವಳನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

"ಕೈ ತೆಗಿ ಲುಪೆಸಿನಾ," ಎಂದ ತೋಫಾಮಾಲು, ಮೆಲ್ಲಗೆ. "ಇವಳು ಕೂತು ಐದು ಗಂಟೆ ಮೇಲಾಯ್ತು. ಮುದುಕಿ ಸಾಯ್ತಾಳೆ."

"ಸೋಮವಾರ ಒಂಬತ್ತು ಹನ್ನೆರಡಕ್ಕೆ ಏನು ಮಾಡ್ತಿದ್ದೆ?"

ಅವನ ಕೈ ನಿಂತಿತು. ಊದಿದ ಕಣ್ಣಿನಿಂದ ನನ್ನನ್ನು ನೋಡಿದ.

"ಮಗ ಹೋದ ಸುದ್ದಿ ಬಂದು ಅರ್ಧ ಗಂಟೆ ಆಗಿತ್ತು."

"ಆ ಅರ್ಧ ಗಂಟೆಯಲ್ಲಿ ಕೂತು ಪತ್ರ ಬರೆದೆ."

ಅವನು ಅಲ್ಲ ಅನ್ನಲಿಲ್ಲ. ಬಗ್ಗಿದ ಹಾಗೇ ಬಾಯನ್ನು ನನ್ನ ಕಿವಿಯ ಹತ್ತಿರ ತಂದ. "ಹಿಂದೆ ತಿರುಗಿ ನೋಡು. ನನ್ನ ಮೊಮ್ಮಕ್ಕಳು. ಅಪ್ಪನನ್ನ ಕಳ್ಕೊಂಡು ಹನ್ನೊಂದು ದಿನದಿಂದ ಕತ್ತಿ ಮಸೀತಿದ್ದಾರೆ. ನೀನು ಯಂತ್ರದ ಕತೆ ಹೇಳು, ಅವರಿಗೆ ಅರ್ಥ ಆಗೋದು ಒಂದೇ, ಈ ಮುದುಕಿ ಕ್ಷಮೆ ಕೇಳೋಕೆ ಬಂದು ಯಜಮಾನನ ಮೇಲೇ ಸುಳ್ಳು ಹೊರಿಸಿದ್ಲು ಅಂತ. ನನ್ನನ್ನ ಮುಟ್ಟಲ್ಲ, ನಿನ್ನನ್ನೂ ಮುಟ್ಟಲ್ಲ. ನಾನು ಚಾಪೆ ಎತ್ತಿದ್ರೆ ಇವಳು ಜೀವಸಹಿತ ಮನೆಗೆ ಹೋಗ್ತಾಳೆ. ಯೋಚ್ನೆ ಮಾಡು."

ನಾನು ಯೋಚಿಸಿದೆ. ಅವನು ಹೇಳಿದ್ದು ನಿಜ ಎಂದು ನನಗೆ ಗೊತ್ತಿತ್ತು. ಅಲ್ಲಿದ್ದದ್ದು ನಾನು, ನನ್ನ ಒಬ್ಬ ಪೇದೆ, ಲ್ಯಾಪ್‌ಟಾಪ್ ಹಿಡಿದ ಸೆಮಿಸಿ. ನನಗೆ ಭಯವಾಯಿತು.

ಚಾಪೆಗೆ ಬಾಯಿ ಹಚ್ಚಿ ಹೇಳಿದೆ: "ಸಿಯೆನಮ್ಮ, ಪೆನಿಯಾಮಿನ ಮೂರು ಸಲ ನೋಡಿದ. ಪತ್ರ ಬಂದೇ ಇರಲಿಲ್ಲ. ಬರೆದಿಟ್ಟವನು ನಿನ್ನ ಮುಂದೆ ಚಾಪೆ ಹಿಡ್ಕೊಂಡು ನಿಂತಿದ್ದಾನೆ. ಎತ್ತೋಕೆ ಬಿಟ್ಟರೆ ನೀನು ಬದುಕ್ತೀಯ. ಹೇಳು, ಬಿಡಲಾ?"

ಮಾತು ಬರಲಿಲ್ಲ. ಇನ್ನೊಮ್ಮೆ ಕರೆದೆ, ಆಗಲೂ ಬರಲಿಲ್ಲ. ತೋಫಾಮಾಲು ಅಂಚನ್ನು ಒಂದು ಗೇಣು ಎತ್ತಿದ.

ಆ ಗೇಣಿನ ಸಂದಿಯಿಂದ ಒಂದು ಒಣಗಿದ ಕೈ ಹೊರಗೆ ಬಂತು. ತಡಕಾಡಿ, ಚಾಪೆಯ ಅಂಚು ಹುಡುಕಿ, ಹಿಡಿದು, ಕೆಳಗೆಳೆದು ಜಲ್ಲಿಗೆ ಒತ್ತಿತು. ಇನ್ನೊಂದು ಕೈ ಬಂದು ಅದರ ಪಕ್ಕ ಒತ್ತಿತು.

"ಎಲ್ಲರಿಗೂ ಕೇಳೋ ಹಾಗೆ ಹೇಳು," ಎಂದಳು ಸಿಯೆನಿ ಒಳಗಿಂದ.

ನಾನು ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ, ಮೊಮ್ಮಕ್ಕಳಲ್ಲಿ ದೊಡ್ಡವನು ಕತ್ತಿ ಹಿಡಿದು ಮೆಟ್ಟಿಲು ಇಳಿದಾಗಿತ್ತು.